ಎಕರೆ ಲೆಕ್ಕ, ಅಡಿ ಲೆಕ್ಕ

(ತಾಲ್ಲೂಕು ರೈತ ಸಭೆಯಲ್ಲಿ ಮಾಡಿದ ಭಾಷಣ)



ಎಕರೆಗೆ ಎಷ್ಟು ಗುಂಟೆ ಅಂತ ಕೇಳಿದರೆ ನಿದ್ದೆಗಣ್ಣಲ್ಲೂ ನಲವತ್ತು ಅಂತೀರಿ. ಎಷ್ಟು ಚದರಡಿ? 43,560. ಈ ಲೆಕ್ಕ ನಮ್ಮ ಬಾಯಿಗೆ ಬರೋದಿಲ್ಲ, ನಮ್ಮ ಜಮೀನು ಕೊಳ್ಳೋಕೆ ಬರುವವನ ಬಾಯಿಗೆ ಬರುತ್ತೆ. ನಾವು ಎಕರೆ ಲೆಕ್ಕದಲ್ಲಿ ಕೊಡ್ತೀವಿ, ಅವನು ಅಡಿ ಲೆಕ್ಕದಲ್ಲಿ ಮಾರ್ತಾನೆ.

ಪಟ್ಟಣದ ಅಂಚಿನ ಹಳ್ಳಿಗಳನ್ನು ನೋಡಿ. ಕೆಳಗೆ ಅಂಗಡಿ, ಮೇಲೆ ಆಫೀಸು, ಪಕ್ಕದಲ್ಲಿ ಮನೆ, ಸಿನಿಮಾ, ಹೋಟೆಲು, ಎಲ್ಲ ಒಂದೇ ಕಾಂಪೌಂಡಿನಲ್ಲಿ ಏಳ್ತಾ ಇವೆ. ನನಗೆ ಗೊತ್ತಿರುವ ರೈತರೊಬ್ಬರು ಸೊಸೈಟಿ ಸಾಲ, ಮಗಳ ಮದುವೆ ಸಾಲ ಎರಡೂ ಕುತ್ತಿಗೆಗೆ ಬಂದಾಗ ಮೂರು ಎಕರೆ ಮಾರಿದರು. ಸಾಲ ತೀರಿತು, ಮಿಕ್ಕ ದುಡ್ಡು ಮೂರು ವರ್ಷದಲ್ಲಿ ಕರಗಿತು. ಇವತ್ತು ಅದೇ ಜಮೀನಿನಲ್ಲಿ ಎದ್ದ ಕಟ್ಟಡದ ಗೇಟಿನಲ್ಲಿ ಅವರ ಮಗ ವಾಚ್‌ಮನ್. ತಪ್ಪು ಅವರದು ಅಂತ ನಾನು ಹೇಳೋದಿಲ್ಲ. ಬೆಳೆಗೆ ಬೆಲೆ ಸಿಕ್ಕಿದ್ದರೆ ಅವರು ಯಾಕೆ ಮಾರ್ತಿದ್ದರು?

ಈ ವ್ಯಾಪಾರದ ಒಳಗುಟ್ಟು ಹಳೆಯದು. ಅಮೆರಿಕದಲ್ಲಿ ಪೂರ್ತಿ ಛಾವಣಿ ಹೊದಿಸಿ, ಒಳಗೆಲ್ಲ ಹವಾನಿಯಂತ್ರಣ ಮಾಡಿದ ಮೊದಲ ಮಾಲ್, ಸೌತ್‌ಡೇಲ್, 1956ರಲ್ಲಿ ಮಿನಿಯಾಪೊಲಿಸ್ ಪಟ್ಟಣದ ಹೊರಗೆ ಎಡೈನಾ ಎಂಬ ಊರಲ್ಲಿ ತೆರೆಯಿತು. ಕಟ್ಟಿಸಿದ್ದು ಡೇಟನ್ ಎಂಬ ದೊಡ್ಡ ಅಂಗಡಿಯ ಮನೆತನ. ಕೊಂಡ ಜಮೀನು 463 ಎಕರೆ. ಅಂಗಡಿಗೆ, ಕಾರು ನಿಲ್ಲಿಸೋದಕ್ಕೆ ಬೇಕಾದದ್ದು ಅದರಲ್ಲಿ ಸಣ್ಣ ಪಾಲು. ಮಿಕ್ಕಿದ್ದು ಯಾಕಪ್ಪಾ ಅಂದರೆ, ಅಂಗಡಿ ಎದ್ದ ಮೇಲೆ ಸುತ್ತಲ ಜಮೀನಿನ ಬೆಲೆ ಏರುತ್ತೆ, ಆ ಏರಿಕೆ ಬೇರೆಯವರ ಜೇಬಿಗೆ ಹೋಗಬಾರದು ಅಂತ!

ನಕ್ಷೆ ಹಾಕಿದ ವಿಕ್ಟರ್ ಗ್ರುಯೆನ್ ಅಂಗಡಿಯ ಸುತ್ತ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ, ಕೆರೆ ಇರುವ ಒಂದು ಊರನ್ನೇ ಕನಸು ಕಂಡಿದ್ದರು. ಅವರು ಅಂದುಕೊಂಡ ಊರು ಏಳಲಿಲ್ಲ. ಅಂಗಡಿಯ ಸುತ್ತ ಕಾರು ನಿಲ್ಲಿಸುವ ಬಯಲು ಉಳಿಯಿತು. 1978ರಲ್ಲಿ ಲಂಡನ್ನಿನಲ್ಲಿ ಭಾಷಣ ಮಾಡುತ್ತಾ, ತಮ್ಮ ಹೆಸರಿನಲ್ಲಿ ಎದ್ದ ಇಂಥ ಮಾಲ್‌ಗಳು ತಮ್ಮವಲ್ಲ ಅಂತ ಕೈತೊಳೆದುಕೊಂಡರು. ನಕ್ಷೆ ಎಷ್ಟೇ ಚಂದ ಇರಲಿ, ಜಮೀನು ಯಾರ ಕೈಲಿದೆಯೋ ಅವರ ಮಾತೇ ನಡೆಯೋದು.

ಹಾಗಾದರೆ ಜಮೀನು ರೈತರ ಕೈಲೇ ಉಳಿದರೆ? ದೂರ ಹೋಗಬೇಡಿ, ಪುಣೆಯ ಹಡಪ್ಸರಕ್ಕೆ ಬನ್ನಿ. ಪಟ್ಟಣ ಹೊಲದ ಬದುವಿಗೇ ಬಂದಾಗ ಅಲ್ಲಿನ ಸುಮಾರು 120 ರೈತ ಕುಟುಂಬಗಳು, ಹೆಚ್ಚಿನವರು ಮಗರ್ ಮನೆತನದವರು, ಒಬ್ಬೊಬ್ಬರೇ ದಲ್ಲಾಳಿ ಹಿಂದೆ ಹೋಗಲಿಲ್ಲ. ಸತೀಶ್ ಮಗರ್ ಮುಂದಾಳತ್ವದಲ್ಲಿ ಸುಮಾರು 400 ಎಕರೆ ಒಟ್ಟುಗೂಡಿಸಿ ತಮ್ಮದೇ ಕಂಪನಿ ಮಾಡಿಕೊಂಡರು. ಎಷ್ಟು ಜಮೀನೋ ಅಷ್ಟು ಷೇರು. 2000ದ ಹೊತ್ತಿಗೆ ಕಟ್ಟಡದ ಕೆಲಸ ಶುರುವಾಯಿತು. ಮನೆ, ಆಫೀಸು, ಶಾಲೆ, ಆಸ್ಪತ್ರೆ, ಅಂಗಡಿ, ಮಾಲ್ ಎಲ್ಲ ಬಂದವು. ಮನೆಗಳನ್ನು ಮಾರಿದರು, ಆಫೀಸುಗಳನ್ನು ಬಾಡಿಗೆಗೆ ಕೊಟ್ಟರು. ರೈತರ ಮಕ್ಕಳೇ ಕಟ್ಟಡದ ಗುತ್ತಿಗೆ ಹಿಡಿದರು. ಅದೇ ಮಗರ್‌ಪಟ್ಟಾ ಸಿಟಿ.

ಎಲ್ಲಾ ಕಡೆ ಹೀಗಾಗುತ್ತೆ ಅಂತ ನಾನು ಆಸೆ ಹುಟ್ಟಿಸೋದಿಲ್ಲ. ಅವರು ಹೆಚ್ಚುಕಡಿಮೆ ಒಂದೇ ಮನೆತನದವರು, ಜಮೀನು ದೊಡ್ಡ ಪಟ್ಟಣಕ್ಕೆ ಅಂಟಿಕೊಂಡಿತ್ತು. ಜಮೀನಿನ ಲೆಕ್ಕದಲ್ಲಿ ಷೇರು ಅಂದ ಮೇಲೆ ಜಮೀನಿಲ್ಲದ ಕೂಲಿಯವನಿಗೆ ಷೇರಿಲ್ಲ. ಅದನ್ನೂ ನಾವು ಯೋಚಿಸಬೇಕು. ನಮ್ಮಲ್ಲೋ, ಅಣ್ಣ ತಮ್ಮಂದಿರೇ ಬದುವಿಗಾಗಿ ಕೋರ್ಟಿನಲ್ಲಿದ್ದೀವಿ!

2020ರಲ್ಲಿ ನಮ್ಮ ರಾಜ್ಯದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಬೇಸಾಯಗಾರರಲ್ಲದವರೂ ಕೃಷಿ ಜಮೀನು ಕೊಳ್ಳುವ ದಾರಿ ತೆರೆದರು. ಅಂದಮೇಲೆ ಕೊಳ್ಳುವವನು ಬಾಗಿಲಿಗೆ ಬಂದೇ ಬರ್ತಾನೆ. ಆಗ ಮೂರು ಮಾತು ನೆನಪಿಡಿ. ಒಂಟಿಯಾಗಿ ಮಾತಿಗೆ ಕೂರಬೇಡಿ, ಅಕ್ಕಪಕ್ಕದ ಸರ್ವೆ ನಂಬರಿನವರನ್ನು ಕರೆದುಕೊಳ್ಳಿ. ಮುಂಗಡದ ಆಸೆಗೆ ಓದದ ಕಾಗದಕ್ಕೆ, ಜನರಲ್ ಪವರ್ ಆಫ್ ಅಟಾರ್ನಿಗೆ ರುಜು ಹಾಕಬೇಡಿ. ಕಟ್ಟುವ ಕಟ್ಟಡದಲ್ಲಿ ನಮಗೆಷ್ಟು ಚದರಡಿ, ಬಾಡಿಗೆಯಲ್ಲಿ ಎಷ್ಟು ಪಾಲು ಅಂತ ಕರಾರಿನಲ್ಲೇ ಬರೆಸಿಕೊಳ್ಳಿ.

ಮಾರಲೇಬೇಡಿ ಅಂತ ಹೇಳೋಕೆ ನನಗೆ ಬಾಯಿಲ್ಲ, ಸಾಲ ನನಗೂ ಇದೆ. ಆದರೆ ಸಾಲಕ್ಕೆ ಹೆದರಿ ಎಕರೆ ಲೆಕ್ಕದಲ್ಲಿ ಕೊಡಬೇಡಿ. ಇವತ್ತು ಮನೆಗೆ ಹೋಗಿ ಮಕ್ಕಳನ್ನು ಕೂರಿಸಿಕೊಂಡು, ನಿಮ್ಮ ಪಹಣಿಯಲ್ಲಿರುವ ಎಕರೆ ಗುಂಟೆಯನ್ನು ಅಡಿಗೆ ಗುಣಿಸಿ ನೋಡಿ. ಆಮೇಲೆ ಮಾತಾಡೋಣ.