ಫ್ಯಾನಿನ ಸದ್ದು, ನಮ್ಮ ನಿದ್ದೆ



ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ದೊಡ್ಡ ದೊಡ್ಡ ಗಾಳಿಯಂತ್ರ ನಿಂತಿವೆ. ನಾವು ಅವನ್ನು ಫ್ಯಾನು ಅಂತೀವಿ. ಗಾಳಿಯಿಂದ ಕರೆಂಟು ಬರುತ್ತದೆ. ಹೊಗೆ ಇಲ್ಲ, ಬೂದಿ ಇಲ್ಲ. ಒಳ್ಳೆಯದೇ.

ಆದರೆ ಸದ್ದು ಇದೆ. ರೆಕ್ಕೆ ಗಾಳಿಯನ್ನು ಸೀಳುವಾಗ ಸುಂಯ್, ಸುಂಯ್ ಅನ್ನುತ್ತದೆ. ಹಗಲು ಕೆಲಸದ ಗದ್ದಲದಲ್ಲಿ ಗೊತ್ತಾಗದು. ರಾತ್ರಿ ಊರು ಮಲಗಿದ ಮೇಲೆ ಕೇಳುತ್ತದೆ. ಆಷಾಢದ ಗಾಳಿಗಂತೂ ಇನ್ನೂ ಜೋರು. ಕೂಸು ಏಳುತ್ತದೆ, ತಾಯಿ ಏಳುತ್ತಾಳೆ. ಬೆಳಿಗ್ಗೆ ಕಳೆ ತೆಗೆಯಲು ಹೋಗಬೇಕಲ್ಲ! "ರೂಢಿ ಆಗ್ತದೆ ಬಿಡ್ರಿ" ಅನ್ನುವವರು ಫ್ಯಾನಿನ ಹತ್ತಿರ ಮಲಗುವವರಲ್ಲ.

2016ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು. ವಾಸದ ಮನೆಯಿಂದ 500 ಮೀಟರ್ ಒಳಗೆ ಫ್ಯಾನು ನಿಲ್ಲಿಸಬಾರದು ಅಂತ ಅದರಲ್ಲಿದೆ. 500 ಮೀಟರ್ ಅಂದರೆ ಅರ್ಧ ಕಿಲೋಮೀಟರ್. 2000ನೇ ಇಸವಿಯ ಶಬ್ದ ನಿಯಮವೂ ಇದೆ. ಜನ ವಾಸಿಸುವ ಕಡೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು 45 ಡೆಸಿಬಲ್ ದಾಟಬಾರದು. ಹಾಲಿಗೆ ಲೀಟರ್ ಇದ್ದ ಹಾಗೆ ಸದ್ದಿಗೆ ಡೆಸಿಬಲ್.

ಕಂಬ ನಿಂತ ಮೇಲೆ ತೆಗೆಸುವುದು ಕಷ್ಟ. ಹೊಲ ಕೇಳಲು ಬಂದಾಗಲೇ ಗ್ರಾಮಸಭೆಯಲ್ಲಿ ಕೇಳೋಣ: ನಮ್ಮ ಮನೆಗೆ ಎಷ್ಟು ದೂರ?

ಈಗಾಗಲೇ ನಿಂತಿದ್ದರೆ? ಯಾವ ರಾತ್ರಿ, ಎಷ್ಟು ಗಂಟೆಗೆ ಎಚ್ಚರವಾಯಿತು ಅಂತ ದಿನವೂ ಬರೆದಿಡೋಣ. ಆ ಬರಹ ಲಗತ್ತಿಸಿ ಪಂಚಾಯಿತಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡೋಣ. ರಾತ್ರಿ ಬಂದು ಸದ್ದು ಅಳೆಯಿರಿ ಅನ್ನೋಣ. ಹೆಬ್ಬೆಟ್ಟು ಬೇಡ, ಸಹಿ ಮಾಡೋಣ. ನಕಲಿನ ಮೇಲೆ ಸೀಲು ಹಾಕಿಸಿಕೊಂಡೇ ಬರೋಣ.