ಸ್ವಂತ ಉದ್ಯೋಗಿಗಳಿಗೆ ಗೃಹಸಾಲ



ಸಂಬಳದಾರರು ಗೃಹಸಾಲ ಕೇಳಿದಾಗ ವೇತನಚೀಟಿಯೇ ಅವರ ಪರವಾಗಿ ಮಾತನಾಡುತ್ತದೆ. ಮುಂಬಯಿಯಲ್ಲಿ ಉಪಾಹಾರಗೃಹವನ್ನೋ ಪುಣೆಯಲ್ಲಿ ಮುದ್ರಣಾಲಯವನ್ನೋ ನಡೆಸುವ ನಮ್ಮವರಿಗೆ ಆ ಸ್ಥಾನದಲ್ಲಿರುವುದು ಆದಾಯ ತೆರಿಗೆ ರಿಟರ್ನ್. ಬ್ಯಾಂಕುಗಳು ಸಾಮಾನ್ಯವಾಗಿ ಹಿಂದಿನ 2 ಅಥವಾ 3 ವರ್ಷಗಳ ರಿಟರ್ನ್‌ಗಳನ್ನೂ ಲಾಭ-ನಷ್ಟದ ಲೆಕ್ಕವನ್ನೂ ಖಾತೆಯ ವಹಿವಾಟನ್ನೂ ಪರಿಶೀಲಿಸುತ್ತವೆ.

ತೊಡಕಿರುವುದು ಇಲ್ಲಿಯೇ. ವರ್ಷಕ್ಕೆ 12 ಲಕ್ಷ ರೂಪಾಯಿ ಗಳಿಸಿ 4 ಲಕ್ಷವನ್ನಷ್ಟೇ ತೋರಿಸಿದವರ ಮಾಸಿಕ ಆದಾಯ ಬ್ಯಾಂಕಿನ ದೃಷ್ಟಿಯಲ್ಲಿ ಸುಮಾರು 33,000 ರೂಪಾಯಿ ಮಾತ್ರ. ಅದರಲ್ಲಿ ಅರ್ಧವನ್ನು ಕಂತಿಗೆ ಮೀಸಲಿಟ್ಟರೂ, ಶೇಕಡ 9ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ದೊರೆಯುವ ಸಾಲ 18 ಲಕ್ಷದ ಆಸುಪಾಸು. ಮುಂಬಯಿಯಲ್ಲಿ ಅಷ್ಟಕ್ಕೆ ಮನೆಯೆಲ್ಲಿ ಬಂತು? ಆದಾಯವನ್ನು ಮರೆಮಾಚುವುದು ಅಪರಾಧವಷ್ಟೇ ಅಲ್ಲ, ತನ್ನ ಮನೆಗೆ ತಾನೇ ಅಡ್ಡಗೋಡೆ ಕಟ್ಟಿಕೊಂಡಂತೆ. ಗಲ್ಲಾಪೆಟ್ಟಿಗೆಯ ನಗದನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯದು.

ಆದುದರಿಂದ ಸಿದ್ಧತೆಯು ಅರ್ಜಿಗಿಂತ ಮೂರು ವರ್ಷ ಮೊದಲೇ ಆರಂಭವಾಗಬೇಕು. ವ್ಯಾಪಾರದ ಹಣ ಖಾತೆಯ ಮೂಲಕವೇ ಹಾದುಬರಲಿ. ಗಳಿಸುವ ಪತ್ನಿ ಅಥವಾ ಪತಿ ಸಹ ಅರ್ಜಿದಾರರಾದರೆ ಅವರ ಆದಾಯವೂ ಗಣನೆಗೆ ಬರುತ್ತದೆ. 30 ಲಕ್ಷದವರೆಗಿನ ಸಾಲದಲ್ಲಿಯೂ ಮನೆಯ ಮೌಲ್ಯದ ಶೇಕಡ 90ನ್ನು ಮೀರಿ ಬ್ಯಾಂಕು ಕೊಡುವಂತಿಲ್ಲ, ಉಳಿದುದು ನಿಮ್ಮದೇ.

ವ್ಯಾಪಾರದ ವರಮಾನ ಎಲ್ಲ ತಿಂಗಳೂ ಒಂದೇ ಸಮನಿರುವುದಿಲ್ಲವಷ್ಟೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಆದೇಶಿಸಿದೆ. ಹಬ್ಬದ ತಿಂಗಳ ಲಾಭವನ್ನು ಧಾರಾಳವಾಗಿ ಅಸಲಿಗೆ ಕಟ್ಟಬಹುದು.