ಅಳೆಯುವ ಕೈ ಯಾರ ಕಡೆಗೆ?

(ಚಳ್ಳಕೆರೆಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಮಾನ್ಯ ಅಧ್ಯಕ್ಷರೆ, ಎಣ್ಣೆ ಗಿರಣಿಯ ಬಂಧುಗಳೆ, ಮೊಳಕಾಲ್ಮೂರಿನಿಂದ ಬಂದಿರುವ ನೇಕಾರರೆ, ವರ್ತಕ ಮಿತ್ರರೆ,

ನಮ್ಮ ದನಕರು ಮೇಯುತ್ತಿದ್ದ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆಗೆ ಬೇಲಿ ಬಿದ್ದದ್ದು ನಿಮಗೆ ತಿಳಿದೇ ಇದೆ. ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ಕ್ಷೇತ್ರ 2017ರಲ್ಲಿ ಉದ್ಘಾಟನೆಯಾಯಿತು. ಉಳ್ಳಾರ್ತಿ ಕಾವಲಿನ ನೆಲ ಭಾಭಾ ಅಣು ಸಂಶೋಧನಾ ಕೇಂದ್ರದ ಪಾಲಿಗೆ ಹೋಯಿತು. ಹೀಗೆ ಸೈನ್ಯವೂ ಅಣುಶಕ್ತಿಯೂ ನಮ್ಮ ನೆರೆಮನೆಯಾದ ಮೇಲೆ ಹುಡುಗರು ಕೇಳುತ್ತಾರೆ: "ಮೇಷ್ಟ್ರೆ, ಸೈನ್ಯದಲ್ಲಿ ವಿಕಿರಣ ಅಳೆದು ಜನರನ್ನು ಕಾಯುವ ಕೆಲಸ ಕಲಿತರೆ, ಮುಂದೆ ಕೈಗಾದಂಥ ವಿದ್ಯುತ್ ಸ್ಥಾವರದಲ್ಲಿ ಅನ್ನ ಸಿಕ್ಕೀತೆ?"

ಸಿಕ್ಕೀತು. ವಿದ್ಯೆ ಒಂದೇ. 1942ರ ಸುಮಾರಿಗೆ ಅಮೆರಿಕದಲ್ಲಿ ಅಣುಬಾಂಬು ಮಾಡಹೊರಟಾಗಲೇ ಈ ವಿದ್ಯೆ ಒಂದು ಕಸುಬಾಯಿತು. ಆದರೆ ಸ್ಥಾವರದ ವಿಕಿರಣ ಸುರಕ್ಷಾಧಿಕಾರಿಯಾಗಲು ಸೈನ್ಯದ ಸರ್ಟಿಫಿಕೇಟು ಒಂದೇ ಸಾಲದು. ಅಣುಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು.

ಮಿತ್ರರೆ, ಕುಣಿಮಗ್ಗದವನು ವಿದ್ಯುತ್ ಮಗ್ಗಕ್ಕೆ ಹೋದರೆ ಎಳೆಯ ಅರಿವು ಉಪಯೋಗಕ್ಕೆ ಬರುತ್ತದೆ, ಆದರೆ ಹಳೆಯ ಕೈ ರೂಢಿ ಕಾಡುತ್ತದೆ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದಲ್ಲಿ ಆದದ್ದೂ ಇದೇ. ಅಂದು ನಿಯಂತ್ರಣ ಕೋಣೆಯಲ್ಲಿದ್ದವರು ನೌಕಾಸೈನ್ಯದಲ್ಲಿ ಪಳಗಿದವರು. ಒತ್ತಡ ಕಾಯುವ ತೊಟ್ಟಿ ನೀರಿನಿಂದ ಪೂರ್ತಿ ತುಂಬಬಾರದೆಂದು ಅಲ್ಲಿ ಕಲಿತಿದ್ದರು. ಅದನ್ನೇ ನಂಬಿ ತುರ್ತಿನ ನೀರನ್ನು ತಗ್ಗಿಸಿದರು. ಇಂಧನದ ಒಂದು ಭಾಗ ಕರಗಿಹೋಯಿತು.

ಇನ್ನೊಂದು ರೂಢಿಯನ್ನೂ ಬಾಗಿಲಲ್ಲೇ ಬಿಟ್ಟು ಬರಬೇಕು. ಸೈನ್ಯದಲ್ಲಿ ಅಪ್ಪಣೆ ಮೊದಲು, ಪ್ರಶ್ನೆ ಆಮೇಲೆ. ಸ್ಥಾವರದಲ್ಲಿ ಕೂಲಿಯವನು ಪ್ರಶ್ನೆ ಕೇಳಲೇಬೇಕು. ವಿಕಿರಣದ ಕೆಲಸಗಾರನಿಗೆ ನಮ್ಮ ದೇಶದಲ್ಲಿ ಮಿತಿಯುಂಟು: ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30ಕ್ಕೆ ಮೀರಕೂಡದು. ಆದರೆ ತಕ್ಕಡಿ ಮಾರುವವನ ಕೈಯಲ್ಲೇ ಇದ್ದು, ಮುಳ್ಳು ಕೊಳ್ಳುವವನಿಗೆ ಕಾಣದಿದ್ದರೆ ತೂಕಕ್ಕೆ ಬೆಲೆಯೇನು? ಇದನ್ನು ವರ್ತಕರಿಗೆ ನಾನು ಹೇಳಬೇಕಾಗಿಲ್ಲ.

2009ರ ನವೆಂಬರಿನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತ ಭಾರಜಲ ಸೇರಿತು. ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಯೊಳಗೆ ಅದು ಹೊಕ್ಕಿತ್ತು. ಯಾರೋ ಬೇಕೆಂದೇ ಬೆರೆಸಿದರೆಂದು ಅಧಿಕಾರಿಗಳು ಹೇಳಿದರು. ಎದೆಯ ಮೇಲಿನ ಬಿಲ್ಲೆಗೆ ಟ್ರಿಟಿಯಂ ಕಾಣಿಸದು. ಅದರ ಕಿರಣ ಅಷ್ಟು ದುರ್ಬಲ. ಅದನ್ನು ಹಿಡಿದುಕೊಟ್ಟದ್ದು ವಾಡಿಕೆಯ ಮೂತ್ರ ಪರೀಕ್ಷೆ. ಅಳೆಯುವವನು ತನ್ನ ಕೆಲಸ ಬಿಡದೆ ಮಾಡಿದ್ದರಿಂದ ಸಂಗತಿ ಹೊರಬಿತ್ತು.

ಆದುದರಿಂದ ನಾವು ಕೇಳುವುದು ಇಷ್ಟೆ. ಕಾಯಂ ನೌಕರನಿರಲಿ, ಕಂಟ್ರಾಕ್ಟರನ ಕೂಲಿಯವನಿರಲಿ, ತನ್ನ ಮೈ ಉಂಡ ವಿಕಿರಣದ ಲೆಕ್ಕ ಅವನ ಕೈಗೆ, ಅವನು ಓದುವ ಭಾಷೆಯಲ್ಲಿ ಬರಬೇಕು. ಕೆಲಸ ಬದಲಿಸಿದರೆ ಆ ಲೆಕ್ಕ ಅವನ ಜೊತೆಗೇ ಹೋಗಬೇಕು. ಇಲ್ಲವಾದರೆ ಒಂದು ಕಡೆ ಮಿತಿ ತುಂಬಿಕೊಂಡವನು ಇನ್ನೊಂದು ಕಡೆ ಹೊಸಬನಂತೆ ಸೇರಿಕೊಳ್ಳುತ್ತಾನೆ; ಕೊನೆಗೆ ನಷ್ಟ ಅವನ ಹೆಂಡತಿ ಮಕ್ಕಳಿಗೆ.

ನಮ್ಮ ಹುಡುಗರು ಈ ಕೆಲಸಕ್ಕೆ ಹೋಗಲಿ, ಸಂತೋಷ. ಆದರೆ ಸಮವಸ್ತ್ರ ಕಳಚಿದ ದಿನ ಒಂದು ಮಾತು ನೆನಪಿಟ್ಟುಕೊಳ್ಳಲಿ: ಸಂಬಳ ಯಾರೇ ಕೊಡಲಿ, ಅಳೆಯುವ ಕೈ ದುಡಿಯುವವನ ಕಡೆಗಿರಬೇಕು.